ಹೆಬ್ಬೆರಳಿನ ಕೆಳಗಿನ ಸಾಲು

“ಹೊಗೆ ಇದ್ದ ಕಡೆ ಮರೆಯೇಟು ಇಲ್ಲ. ನಿಯಮ ಅಂದ್ರೆ ನಿಯಮ, ಅತ್ತೆ,” ಎಂದು ಮೇಷ್ಟ್ರು ದಪ್ಪ ಪುಸ್ತಕವನ್ನು ಪಟ್ಟನೆ ಮುಚ್ಚಿದರು.

ಮೇಜಿನ ಸುತ್ತ ನಾಲ್ಕು ಜನ. ಭಾನುವಾರ ಉಂಡು ಮಲಗಬೇಕಾದ ವಯಸ್ಸಿನವರು ಕಾಗದದ ಮೇಲೆ ಕೋಟೆ ಬರೆದುಕೊಂಡು, ದಾಳ ಉರುಳಿಸುತ್ತ, ತಾವೇ ಕಟ್ಟಿದ ಕಥೆಯೊಳಗೆ ಹೊಕ್ಕು ಕತ್ತಿ ಬೀಸುವ ಆಟ ಅದು. ಕಥೆ ನಡೆಸಿ ತೀರ್ಪು ಕೊಡುವವರು ಮೇಷ್ಟ್ರು. ವಾರವಿಡೀ ಶಾಲೆಯಲ್ಲಿ ಗಣಿತ ಹೇಳುವ ಅವರಿಗೆ ಭಾನುವಾರವೂ ಯಾರದಾದರೂ ತಪ್ಪು ತಿದ್ದದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಲಿಫ್ಟ್ ರಿಪೇರಿಯ ಗೆಳೆಯ ಯೋಧ, ಔಷಧಿ ಅಂಗಡಿಯ ಗೆಳೆಯ ಮಂತ್ರವಾದಿ. ಇನ್ನೊಬ್ಬನಿಗೆ ವರ್ಗವಾಗಿ ಕುರ್ಚಿ ಖಾಲಿ ಬಿದ್ದಾಗ, ಮಂಡಿ ಆಪರೇಷನ್ ಆದಮೇಲೆ ಮಗಳ ಮನೆಗೇ ಬಂದು ಉಳಿದಿದ್ದ ಮೇಷ್ಟ್ರ ಅತ್ತೆಯನ್ನು ತಮಾಷೆಗೆ ಕೂರಿಸಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು ಆರಿಸಿಕೊಂಡದ್ದು ಕಳ್ಳಿಯ ಪಾತ್ರ. ಇಟ್ಟ ಹೆಸರು ಬೆಕ್ಕು. ತಿಂಗಳೊಪ್ಪತ್ತಿನಲ್ಲಿ ಬೆಕ್ಕಿಲ್ಲದೆ ಆ ಕೋಟೆಯ ಒಂದು ಬಾಗಿಲೂ ತೆರೆಯದಂತಾಯಿತು.

ಕಳ್ಳಿಗೆ ಇರುವ ದೊಡ್ಡ ಬಲವೆಂದರೆ ಮರೆಯೇಟು. ಶತ್ರುವಿಗೆ ಕಾಣದಂತೆ ಅವಿತು ಮರ್ಮಕ್ಕೇ ಚುಚ್ಚಿದರೆ ಒಂದು ದಾಳದ ಬದಲು ಆರು ದಾಳ ಹಾಕಬಹುದು. ಅವತ್ತು ಅತ್ತೆ ಕಥೆಯೊಳಗೆ ಒದ್ದೆ ಹುಲ್ಲಿಗೆ ಬೆಂಕಿಯಿಟ್ಟು ಕೋಣೆಯ ತುಂಬ ಹೊಗೆ ಎಬ್ಬಿಸಿದ್ದರು. ದೀಪ ಹಿಡಿದು ಕೆಮ್ಮುತ್ತ ಬಂದ ಶತ್ರುಗಳ ಕರಿ ಸೇನಾಪತಿಯ ಬೆನ್ನ ಹಿಂದೆ, ಒಂದೇ ಗೇಣಿನ ದೂರದಲ್ಲಿ, ಬೆಕ್ಕು ಚೂರಿ ಹಿಡಿದು ನಿಂತಿತ್ತು. ಗೆಳೆಯರಿಬ್ಬರೂ ಭಲೇ ಎಂದು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು.

ಮೇಷ್ಟ್ರಿಗೆ ಸಹಿಸಲಾಗದೆ ಹೋದದ್ದು ಆಗಲೇ. ಆ ಸೇನಾಪತಿಯನ್ನು ಅವರು ಎಂಟು ತಿಂಗಳು ಮುದ್ದಿನಿಂದ ಸಾಕಿದ್ದರು. ಅವನ ತಾತ ಮುತ್ತಾತಂದಿರ ಕಥೆಯನ್ನೂ ಬರೆದಿಟ್ಟಿದ್ದರು. ಅವನು ಹುಲ್ಲಿನ ಹೊಗೆಗೆ, ಅದೂ ಅತ್ತೆಯ ಕೈಯಲ್ಲಿ ಸಾಯುವುದೆಂದರೆ! ಪುಸ್ತಕ ತೆರೆದು ಗಟ್ಟಿಯಾಗಿ ಓದಿದ್ದರು: ಹೊಗೆಯಿಂದಲೋ ಮಂಜಿನಿಂದಲೋ ಮಸುಕಾಗಿ ಕಾಣುವ ಶತ್ರುವಿನ ಮೇಲೆ ಮರೆಯೇಟು ಸಲ್ಲದು. ಅದರ ಕೆಳಗೇ ಇನ್ನೊಂದು ಸಾಲಿತ್ತು. ಆದರೆ ಶತ್ರು ಬೆಳಕಿನಲ್ಲಿದ್ದು, ಕೈಗೆಟಕುವಷ್ಟು ಹತ್ತಿರವಿದ್ದರೆ ಸಲ್ಲುತ್ತದೆ. ಮೇಷ್ಟ್ರು ಅದನ್ನು ಕಣ್ಣಾರೆ ಓದಿದರು, ಅದರ ಮೇಲೆ ಹೆಬ್ಬೆರಳಿಟ್ಟರು, ಪುಸ್ತಕ ಮುಚ್ಚಿದರು.

ಒಂದೇ ದಾಳದ ಏಟು ಸೇನಾಪತಿಗೆ ಸೊಳ್ಳೆ ಕಡಿದಷ್ಟಾಯಿತು. ಅವನು ತಿರುಗಿ ಕತ್ತಿ ಬೀಸಿದ, ಬೆಕ್ಕು ಸತ್ತಿತು. ಅತ್ತೆ ಒಂದು ಕ್ಷಣ ಪುಸ್ತಕದ ರಟ್ಟನ್ನು ನೋಡಿದರು. ಸರಿ ಹಾಗಾದರೆ ಎಂದು ಬೆಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಎಲ್ಲರಿಗೂ ಟೀ ಇಡಲು ಕುಂಟುತ್ತ ಒಳಗೆ ಹೋದರು.

ಬುಧವಾರ ಪಾತ್ರೆ ಒರೆಸುತ್ತಿದ್ದ ಹೆಂಡತಿ, ಅಮ್ಮ ಇನ್ನು ಆಟಕ್ಕೆ ಕೂರುವುದಿಲ್ಲವಂತೆ ಎಂದಳು. ಕೂತರೆ ಮಂಡಿ ಹಿಡಿಯುತ್ತದಂತೆ. ಈ ಮನೆಗೆ ಬಂದಮೇಲೆ ಅಮ್ಮ ಬಾಯ್ತುಂಬ ನಕ್ಕದ್ದನ್ನು ಆ ಮೇಜಿನ ಹತ್ತಿರ ಮಾತ್ರ ನೋಡಿದ್ದೆ, ಇನ್ನು ಅದೂ ಇಲ್ಲ ಎಂದು ನಿಟ್ಟುಸಿರು ಬಿಟ್ಟಳು. ಮೇಷ್ಟ್ರು ಹೌದಾ ಎಂದರು.

ಮಾರನೆಯ ದಿನ ಶಾಲೆಯಿಂದ ಬಂದವರು ಮುಂದಿನ ವಾರದ ಕಥೆಗೆಂದು ಪುಸ್ತಕ ತೆಗೆದರೆ, ಹಿಂದಿನ ರಟ್ಟಿನ ಒಳಗಿಂದ ಒಂದು ಚೀಟಿ ಜಾರಿ ಬಿತ್ತು. ಅತ್ತೆಯ ಮುತ್ತಿನಂಥ ಅಕ್ಷರ. ಹೊಗೆಯ ನಿಯಮದ ಎರಡು ಸಾಲನ್ನೂ ಚಾಚೂ ತಪ್ಪದೆ ಬರೆದುಕೊಂಡು, ಕೆಳಗೆ, ‘ಅವನ ಕೈಯಲ್ಲಿ ದೀಪ ಇದೆಯಾ ಕೇಳಬೇಕು. ಆಮೇಲೆ ಹತ್ತಿರ ಹೋಗಬೇಕು’ ಎಂದು ಬರೆದಿದ್ದರು. ಹಾಕಿದ್ದ ತಾರೀಕು ಆಟಕ್ಕಿಂತ ಹತ್ತು ದಿನ ಹಿಂದಿನದು. ಮೇಷ್ಟ್ರು ಆ ತಾರೀಕನ್ನು ಎರಡು ಸಲ ಓದಿದರು. ಹಾಗಾದರೆ ತಾವು ಅರ್ಧ ಓದಿ ನಿಲ್ಲಿಸಿದಾಗ ಉಳಿದರ್ಧ ಎದುರಿಗೆ ಕೂತವರ ನಾಲಿಗೆಯ ತುದಿಯಲ್ಲೇ ಇತ್ತು.

ಅತ್ತೆ ಬಾಲ್ಕನಿಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದರು. ಮೇಷ್ಟ್ರು ಚೀಟಿಯನ್ನು ಮುಂದೆ ಹಿಡಿದರು.

“ಇದು ನಿಮಗೆ ಗೊತ್ತಿತ್ತಲ್ಲ ಅತ್ತೆ. ಅವತ್ತು ಯಾಕೆ ಹೇಳ್ಲಿಲ್ಲ?”

ಅತ್ತೆ ದಾರ ಕಚ್ಚಿ ಕತ್ತರಿಸಿದರು. “ನಿಮ್ಮ ಸ್ನೇಹಿತರೆಲ್ಲ ಇದ್ರಲ್ಲ. ಅವರ ಮುಂದೆ ಅಳಿಯಂದಿರ ಮಾತು ತೆಗೆದುಹಾಕೋಕಾಗುತ್ತಾ?” ಸೂಜಿಗೆ ಮತ್ತೆ ದಾರ ಪೋಣಿಸುತ್ತ ಮೆಲ್ಲಗೆ ಸೇರಿಸಿದರು, “ಅದೂ ಅಲ್ದೆ, ನಾನಿರೋದು ನಿಮ್ಮನೇಲಿ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ಕೋಪವಾದರೂ ಮಾಡಿಕೊಳ್ಳಬಹುದಿತ್ತು. ಮೇಷ್ಟ್ರು ಚೀಟಿ ಹಿಡಿದುಕೊಂಡು ಒಳಗೆ ಬಂದರು.

ಭಾನುವಾರ ಗೆಳೆಯರು ಬಂದು ಕೂತಮೇಲೆ ಮೇಷ್ಟ್ರು ಒಳಗೆ ಹೋಗಿ, ಐದು ನಿಮಿಷ ಬನ್ನಿ ಎಂದು ಅತ್ತೆಯನ್ನು ಕರೆದುತಂದರು. ಪುಸ್ತಕ ತೆರೆದು ಎರಡೂ ಸಾಲು ಓದಿದರು. ಔಷಧಿ ಅಂಗಡಿಯವನು, ಪರವಾಗಿಲ್ಲ ಬಿಡಯ್ಯ, ಕಣ್ತಪ್ಪಿರುತ್ತೆ ಎಂದ.

“ಕಣ್ತಪ್ಪಲಿಲ್ಲ,” ಎಂದರು ಮೇಷ್ಟ್ರು. ದನಿ ಅವರದೇ ಅಲ್ಲವೆಂಬಷ್ಟು ಸಣ್ಣಗಿತ್ತು. “ನೋಡಿದೆ. ನೋಡಿ ಬೆರಳಿಟ್ಟು ಮುಚ್ಚಿದೆ. ಅತ್ತೆ ಗೆಲ್ಲೋದು ನಂಗೆ ಬೇಡವಾಗಿತ್ತು.”

ಲಿಫ್ಟಿನವನು ನಗಲು ಹೊರಟವನು ಮೇಷ್ಟ್ರ ಮುಖ ನೋಡಿ ನಗು ನುಂಗಿಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಕಡೆ ನೋಡದೆ ಒಳಗೆ ಹೋದಳು. ಅಯ್ಯೋ, ಆಟ ತಾನೆ, ಅದಕ್ಯಾಕೆ ಇಷ್ಟು ಎಂದು ಅತ್ತೆಯೇ ಎಲ್ಲರಿಗಿಂತ ಹೆಚ್ಚು ಕಸಿವಿಸಿಪಟ್ಟರು. ಮೇಷ್ಟ್ರು ಬಿಡಲಿಲ್ಲ. ಬೆಕ್ಕು ಸತ್ತಿಲ್ಲ, ಆ ಏಟು ಇನ್ನೂ ಬಾಕಿಯಿದೆ ಎಂದು ಆರೂ ದಾಳಗಳನ್ನು ಅತ್ತೆಯ ಮುಂದಕ್ಕೆ ಸರಿಸಿದರು.

ಅತ್ತೆ ಅವನ್ನು ಒಂದೊಂದಾಗಿ ಆಯ್ದುಕೊಂಡು ಮುಷ್ಟಿ ಕಟ್ಟಿದರು. ಗೆಳೆಯರಿಬ್ಬರೂ ಮೇಜಿನ ಮೇಲೆ ಬಾಗಿದರು. ಆದರೆ ಅತ್ತೆಯ ಕೈ ಆಡಲಿಲ್ಲ. ಅತ್ತೆ ಅಳಿಯನ ಮುಖವನ್ನೇ ನೋಡುತ್ತಿದ್ದರು.

“ಹಾಕ್ಲಾ?” ಎಂದು ಕೇಳಿದರು.

ಆ ದನಿಯನ್ನು ಮೇಷ್ಟ್ರು ದಿನಾ ಕೇಳಿದ್ದರು. ಫ್ಯಾನ್ ಹಾಕ್ಲಾ, ಟೀವಿ ಹಾಕ್ಲಾ, ಸ್ನಾನಕ್ಕೆ ಬಿಸಿನೀರು ಹಾಕ್ಕೊಳ್ಲಾ. ವರ್ಷವಿಡೀ, ಪೇಪರಿನಿಂದ ತಲೆಯೆತ್ತದೆ, ಹ್ಞೂಂ ಎಂದಿದ್ದರು. ಇವತ್ತು ಆ ಹ್ಞೂಂ ಬಾಯಿಂದ ಹೊರಡಲಿಲ್ಲ. ಮೇಜಿನ ಮೇಲೆ ಅತ್ತೆಯ ಮುಷ್ಟಿ ಬಿಚ್ಚದೆ ಹಾಗೇ ಕಾಯುತ್ತಿತ್ತು.