ಎರಡು ತಂತಿಯ ಲೇತು

ಅಪ್ಪ ಸತ್ತ ಮೇಲೆ ಶೆಡ್ಡಿನ ನಡುವೆ ಗೋಡೆ ಎದ್ದಿತು. ಬೀದಿಯ ಕಡೆಯ ಪಾಲು, ತ್ರೀ ಫೇಸ್ ಮೀಟರು ಸಮೇತ, ಮೋಟಾರು ರಿಪೇರಿ ಮಾಡುವ ತಮ್ಮನಿಗೆ ಹೋಯಿತು. ಓಣಿಯ ಕಡೆಯ ಪಾಲು, ಅಪ್ಪನ ಲೇತು ಸಮೇತ, ಅಕ್ಕನಿಗೆ ಬಂತು. ಅಪ್ಪನ ಪಕ್ಕದಲ್ಲಿ ನಿಂತು ಕಬ್ಬಿಣ ಕಡೆಯುವುದನ್ನು ಕಲಿತವಳು ಆಕೆ. ಮದುವೆ ಮುರಿದು ಬಂದ ದಿನವೂ ಅಳುತ್ತ ಕೂರದೆ ಲೇತಿನ ಮುಂದೆ ನಿಂತಿದ್ದಳು.

ತಮ್ಮನಿಗೆ ಇಡೀ ಶೆಡ್ಡು ಮಾರುವ ಆಸೆ. ಅರ್ಧ ಶೆಡ್ಡು ಯಾರಿಗೂ ಬೇಡ, ಅಕ್ಕನೋ ಸಹಿ ಹಾಕುವುದಿಲ್ಲ. ಒಂದು ಬೆಳಿಗ್ಗೆ ಅವನು ಫ್ಯೂಸು ಕಿತ್ತು, ಏಣಿ ಹತ್ತಿ, ತನ್ನ ಮೀಟರಿನಿಂದ ಗೋಡೆಯಾಚೆ ಹೋಗುತ್ತಿದ್ದ ತಂತಿಗಳನ್ನು ಕತ್ತರಿಸಿ ಹಾಕಿದ.

"ಕರೆಂಟು ನಂದು. ಲೇತು ಬೇಕಾದ್ರೆ ಕೈಯಲ್ಲಿ ತಿರುಗಿಸ್ಕೋ."

"ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರೆ. ನಿನ್ನ ಬಾಯಲ್ಲಿ ಆ ಬೆಲ್ಲಾನೂ ಇಲ್ವಲ್ಲೋ!" ಅಂದಳು ಅಕ್ಕ.

ಲೇತಿನ ಮೋಟಾರಿಗೆ ಬೇಕಾದದ್ದು ತ್ರೀ ಫೇಸ್; ಆಕೆಗೆ ಉಳಿದದ್ದು ಮನೆಯ ಎರಡು ತಂತಿಯ ಸಿಂಗಲ್ ಫೇಸ್ ಲೈನು ಮಾತ್ರ. ಎಲೆಕ್ಟ್ರಿಕಲ್ ಅಂಗಡಿಯವನು ಒಂದು ಡ್ರೈವ್ ತೋರಿಸಿದ. ಮೋಟಾರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ. "ತ್ರೀ ಫೇಸಿಗೆ ಅಂತ ಮಾಡಿದ್ದು. ಆದ್ರೆ ಎರಡೇ ತಂತಿ ಕೊಟ್ರೂ ಮೋಟಾರಿಗೆ ಮೂರು ಫೇಸ್ ಕಳಿಸುತ್ತೆ ಮೇಡಂ," ಎಂದು ಅವನೇ ಬಂದು ಜೋಡಿಸಿದ.

ಲೇತು ತಿರುಗಿತು. ಉಳಿ ಕಬ್ಬಿಣಕ್ಕೆ ತಾಗಿದ್ದೇ ತಡ, ನಿಂತಿತು. ಫೇಸ್ ಇಲ್ಲವೆಂಬ ಎಚ್ಚರಿಕೆ ಡ್ರೈವಿನ ಮೇಲೆ ಮಿನುಗಿತು. ಅಂಗಡಿಯವನು ಸೆಟ್ಟಿಂಗಿಗೆ ಹೋಗಿ ಆ ಎಚ್ಚರಿಕೆಯನ್ನೇ ಆರಿಸಿಬಿಟ್ಟ. "ಇನ್ನು ಬಾಯಿ ಮುಚ್ಕೊಂಡು ಓಡುತ್ತೆ."

ಓಡಿತು. ಗೋಡೆಯಾಚೆ ಸದ್ದು ಕೇಳಿ ತಮ್ಮ ಓಣಿ ಸುತ್ತಿ ಬಾಗಿಲಿಗೆ ಬಂದ. ಒಳಗೆ ಪಂಪಿನ ಶಾಫ್ಟು ತಂದ ಗಿರಾಕಿ ಕೂತಿದ್ದ. ಅವನಿಗೆ ಕೇಳಲೆಂದೇ ತಮ್ಮ ಗಟ್ಟಿಯಾಗಿ ನಕ್ಕ.

"ಮೂರು ಜನ ಹೊರೋ ಭಾರಾನ ಇಬ್ರ ಹೆಗಲಿಗೆ ಹೇರಿದ್ದೀಯಲ್ಲ! ಸಿಂಗಲ್ ಫೇಸಲ್ಲಿ ಓಡ್ಸೋಕೆ ಇದರ ಎರಡರಷ್ಟು ದೊಡ್ಡ ಡ್ರೈವ್ ಬೇಕು, ದಪ್ಪ ತಂತಿ ಬೇಕು. ಇದು ಸುಟ್ಟು ಕರಕಲಾಗುತ್ತೆ. ಅಷ್ಟೂ ಗೊತ್ತಿಲ್ದೋಳು ವರ್ಕ್‌ಶಾಪ್ ನಡೆಸ್ತಾಳಂತೆ!"

"ನಿನ್ನ ಹೊಟ್ಟೆಕಿಚ್ಚಿಗೆ ಇದು ಸುಡಲ್ಲ. ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ."

ಸಿಟ್ಟಿನಲ್ಲಿ ಆಕೆ ಉಳಿಯನ್ನು ಇನ್ನೂ ಆಳಕ್ಕೆ ಇಳಿಸಿದಳು. ಪೆಟ್ಟಿಗೆಯೊಳಗೆ ಢಮ್ಮೆಂದು ಏನೋ ಸಿಡಿದು ಕಪ್ಪು ಹೊಗೆ ಎದ್ದಿತು. ಗಿರಾಕಿ ಶಾಫ್ಟು ಬಿಟ್ಟು ಓಡಿದ. ಅಕ್ಕ ಮೇನ್ ಆರಿಸಿ ಕೆಮ್ಮುತ್ತ ಹೊರಬಂದಾಗ ತಮ್ಮ ಕೈಕಟ್ಟಿ ನಿಂತೇ ಇದ್ದ.

"ಈಗ ಸಹಿ ಹಾಕ್ತೀಯಾ?"

ಹೊಗೆಯಿಂದ ಆಕೆಯ ಕಣ್ಣು ಉರಿಯುತ್ತಿತ್ತು; ಅವನ ಮಾತೇ ನಿಜವಾಯಿತಲ್ಲ ಎಂದು ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯಿತು. ಅವನಿಗೆ ಮನಸಾರೆ ಶಾಪ ಹಾಕಿದಳು. ಶಾಪ ಹಾಕುತ್ತಲೇ ಬೇರೆ ಅಂಗಡಿಗೆ ಹೋಗಿ, ಎರಡರಷ್ಟು ದೊಡ್ಡ ಡ್ರೈವನ್ನೂ ದಪ್ಪ ತಂತಿಯನ್ನೂ ಕೇಳಿ ತಂದಳು. ಮೊದಲ ದಿನ ಕೆಲಸದ ನಡುವೆ ಮತ್ತೆ ಮತ್ತೆ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಅಷ್ಟೆ.

ಅದೇ ವಾರ ತಮ್ಮ ಶೆಡ್ಡು ಕೊಳ್ಳುವವನನ್ನು ಕರೆತಂದ. ಆತ ಗೋಡೆಯ ಬಳಿ ನಿಂತು ಆಚೆಯ ಲೇತಿನ ಸದ್ದಿಗೆ ಕಿವಿಗೊಟ್ಟ. "ಆ ಕಡೆ ಕೆಲಸ ನಿಂತಿದೆ, ನಿಮ್ಮಕ್ಕ ಇವತ್ತೋ ನಾಳೆಯೋ ಬಿಟ್ಟುಕೊಡ್ತಾರೆ ಅಂದ್ರಲ್ಲ?" ಓಣಿಗೆ ಬಂದು ಇಣುಕಿ ನೋಡಿದ. ರಾಶಿ ಬಿದ್ದ ಕೆಲಸವನ್ನೂ ತಲೆಯೆತ್ತದ ಆಕೆಯನ್ನೂ ಕಂಡು, "ಇವರು ಜಾಗ ಬಿಟ್ಟು ಏಳೋ ಹಾಗೆ ಕಾಣಲ್ಲಪ್ಪ," ಎಂದು ಹೊರಟೇಹೋದ.

ಹಿಂದೆಯೇ ಬಂದಿದ್ದ ತಮ್ಮನ ಕಣ್ಣು ಗೋಡೆಗೆ ಹಾಕಿದ್ದ ದೊಡ್ಡ ಪೆಟ್ಟಿಗೆಯ ಮೇಲೆ ಬಿತ್ತು. ಮುಖ ಕಪ್ಪಿಟ್ಟಿತು.

"ನಾನು ಹೇಳಿದ್ದನ್ನೇ ಕೇಳಿ ತಂದ್ಯಾ?"

"ಹೂಂ. ನಿನ್ನ ಬಾಯಿಂದ ಬಂದ ಒಂದೇ ಒಂದು ಉಪಯೋಗದ ಮಾತು. ಅದನ್ನೂ ನನ್ನ ಮರ್ಯಾದೆ ಕಳೆಯೋಕೇ ಆಡಿದ್ದೆ."

"ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ!"

"ಆ ಕಲ್ಲು ಎತ್ಕೊಂಡು ಹೋಗು. ಬೆಳಕಿಗೆ ಅಡ್ಡ ನಿಂತಿದ್ದೀಯ."

ಅವನು ಬಾಗಿಲನ್ನು ದಢಾರನೆ ಎಳೆದು ಹಾಕಿ ಹೋದ. ಅಕ್ಕ ಹೋಗಿ ಅದನ್ನು ಮತ್ತೆ ತೆರೆದಳು. ಶಾಫ್ಟಿನ ಅಳತೆ ನೋಡಬೇಕಿತ್ತು.