ಯಾರೂ ಇಲ್ಲದ ಹಾಡುಗಾರ್ತಿ

ಜನಪದ ಹಾಡುಗಾರ್ತಿಯಾಗಿದ್ದ ಅತ್ತೆಯ ಬಗ್ಗೆ ತೆಗೆದ ಸಾಕ್ಷ್ಯಚಿತ್ರ ಭಾನುವಾರ ಸಂಜೆ ಟೀವಿಯಲ್ಲಿ ಬಂತು. ತೆರೆಯ ಮೇಲೆ ಅತ್ತೆ ಒಬ್ಬರೇ ಕಿಟಕಿಯ ಬಳಿ ಕೂತಿದ್ದರು. "ಹಾಡುಗಳ ಈ ಒಡತಿಗೆ ಈಗ ಮೌನವೊಂದೇ ಸಂಗಾತಿ," ಎಂದಿತು ಹಿನ್ನೆಲೆಯ ಗಂಡು ದನಿ.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅದೇ ಕಿಟಕಿಯ ಕೆಳಗೆ ಅವಳ ಗಂಡ, ಇಬ್ಬರು ಮಕ್ಕಳು, ನಾದಿನಿ, ನಾದಿನಿಯ ಕೈಗೂಸು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ನಡುವೆ ಅತ್ತೆಯೂ ಇದ್ದರು, ಬಾಯಿ ತೆರೆದುಕೊಂಡು.

ಚಿತ್ರ ತೆಗೆಯುವವರು ಬಂದಿದ್ದಾಗ, ತಾನು ಕೆಲಸ ಮಾಡುವ ಕನ್ನಡಕದಂಗಡಿಗೆ ರಜೆ ಹಾಕಿ ಅವರಿಗೆಲ್ಲ ಬೇಯಿಸಿ ಹಾಕಿದ್ದಳು. ನಿರ್ದೇಶಕ ಬಂದವನೇ ಸೋಫಾ ಹೊರಗೆ ಹಾಕಿಸಿ, ಫ್ರಿಜ್ಜನ್ನು ಚಾಪೆಯಿಂದ ಮರೆಮಾಡಿದ್ದ. "ಅಕ್ಕಾ, ಸ್ವಲ್ಪ ಆಚೆ ಇರ್ತೀರಾ," ಎಂದು ಮಕ್ಕಳ ಸಮೇತ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದ್ದ. ಬೆಳಕಿಗೆ ಅಡ್ಡವಾಗುತ್ತದೇನೋ ಎಂದು ಸುಮ್ಮನಿದ್ದಳು.

ಹಾಡಾದರೂ ಕೇಳೋಣವೆಂದರೆ, ಅತ್ತೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ದನಿ ಮತ್ತೆ ನುಗ್ಗುತ್ತಿತ್ತು.

"ಇವನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ?" ಎಂದಳು. ಗಂಡ "ಶ್" ಎಂದ.

ಮರುದಿನ ಅಂಗಡಿಯ ಯಜಮಾನರೇ ಕೇಳಿದರು, "ಏನಮ್ಮ, ಅತ್ತೇನ ಒಬ್ರನ್ನೇ ಬಿಟ್ಟಿದ್ದೀರಂತೆ?" ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಅಪರಿಚಿತ ಹೆಂಗಸು, ಕೈಯಲ್ಲಿ ಹೊಸ ಸ್ವೆಟರು.

"ಆ ದಿಕ್ಕಿಲ್ಲದ ಅಜ್ಜಿ ಮನೆ ಇದೇ ತಾನೆ? ನೀವು ಕೆಲಸದೋರಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಮುಖ ಸಣ್ಣ ಮಾಡಿಕೊಂಡು ಬಂದು, ಎರಡೂ ಕೈಯೊಡ್ಡಿ ಸ್ವೆಟರು ತೆಗೆದುಕೊಂಡರು. ಬಂದವಳು ಕಣ್ಣೊರೆಸಿಕೊಂಡು ಹೊರಟಳು.

"ಅತ್ತೆ, ಒಂದು ಮಾತು ಹೇಳಬಾರದಿತ್ತಾ?"

"ಪಾಪ, ಅಷ್ಟು ದೂರದಿಂದ ಅಳ್ತಾ ಬಂದಿದ್ಲು. ಬರಿಗೈಲಿ ಹೇಗೆ ಕಳಿಸ್ಲಿ?"

"ಬರಿಗೈಲೇ ಹೋದ್ಲು ಅತ್ತೆ. ಸ್ವೆಟರು ನಿಮ್ಮ ಹತ್ರ ಇದೆ."

ಸಿಟ್ಟಿನಲ್ಲೇ ನಿರ್ದೇಶಕನಿಗೆ ಫೋನು ಹಚ್ಚಿದಳು. "ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅಲ್ವಾ?"

"ಅಕ್ಕಾ, ನೋಡೋರ ಮನಸ್ಸಿಗೆ ತಾಗಬೇಕಲ್ಲ. ಅಮ್ಮ ನಿಮ್ಮ ವಿಷಯಾನೇ ಎಷ್ಟೊತ್ತೋ ಮಾತಾಡಿದ್ರು. ಕಥೆಗೆ ಹೊಂದಲಿಲ್ಲ, ತೆಗೆದುಬಿಟ್ವಿ."

ಫೋನು ಇಟ್ಟು ಅತ್ತೆಯ ಮುಂದೆ ನಿಂತಳು. ಅವರು ಆಗಲೇ ಸ್ವೆಟರು ತೊಟ್ಟಾಗಿತ್ತು.

"ನನ್ನ ಬಗ್ಗೆ ಏನಂದ್ರಿ ಅವರಿಗೆ?"

"ದೂರು ಹೇಳಿದೆ, ಇನ್ನೇನು. ನಾನು ಹಾಡೋಕೆ ಶುರು ಮಾಡಿದ್ರೆ ಸಾಕು, ಸೊಸೆ ಮಿಕ್ಸಿ ಹಾಕ್ತಾಳೆ ಅಂದೆ."

"ಅದನ್ನಾದ್ರೂ ತೋರಿಸ್ಬೇಕಿತ್ತು. ಒಂದು ನಿಜ ಇರ್ತಿತ್ತು."

"ಪೂರ್ತಿ ಕೇಳು. ಮಿಕ್ಸಿ ನಿಲ್ಸಿ, ಎಲ್ಲಿಗೆ ಬಂತು, ಮತ್ತೆ ಹೇಳಿ ಅನ್ನೋಳೂ ಅವಳೊಬ್ಬಳೇ ಅಂತಾನೂ ಅಂದೆ. ನನ್ನ ಮಗ ಇವತ್ತಿನವರೆಗೂ ಕೇಳಿಲ್ಲ."

ಸೊಸೆಯ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅತ್ತೆ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡಿದ್ದರು. ಬಗ್ಗಿ ಅವನ್ನೆಲ್ಲ ಬಿಚ್ಚಿ ಸರಿಯಾಗಿ ಹಾಕಿದಳು, ಸ್ವಲ್ಪ ಜೋರಾಗಿಯೇ.

"ನಾಳೆ ಇನ್ಯಾರಾದ್ರೂ ಬಂದ್ರೆ, ಸೊಸೆ ಇದ್ದಾಳೆ ಅಂತ ಹೇಳ್ತೀರಾ?"

"ಏನು ತರ್ತಾರೋ ನೋಡ್ಕೊಂಡು ಹೇಳ್ತೀನಿ," ಎಂದರು ಅತ್ತೆ.