ಡೇರೆಯ ಕರೆಪ್ಪ

ಕರೆಪ್ಪ ಬೆಂಕಿಗೆ ಮುಖ ಮಾಡಿ ಕುಳಿತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಖಾನಾಪುರದ ಕಾಡಿನಲ್ಲಿ ಮಾರ್ಗಶಿರದ ಮಂಜು ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿರುವಾಗ, ನಾವೆಲ್ಲ ಕೊರಡಿನ ಬೆಂಕಿಯ ಸುತ್ತ ಅಂಗೈ ಚಾಚಿ, ಹೊಗೆಗೆ ಕಣ್ಣು ಕಿರಿದು ಮಾಡಿ, ಮುಂದೆ ಬೇಯುತ್ತ ಹಿಂದೆ ನಡುಗುತ್ತ ಕುಳಿತಿದ್ದರೆ, ಅವನೊಬ್ಬ ಮಾತ್ರ ಬೆಂಕಿಗೆ ಬೆನ್ನು ಕೊಟ್ಟು, ಯಾರೋ ಬರುವವರಿದ್ದಾರೆ ಎಂಬಂತೆ ಮರಗಳ ಕಡೆಗೆ ನೋಡುತ್ತಿರುತ್ತಿದ್ದ. ಕಾರಣ ಕೇಳಿದಾಗ ಹೇಳಿದ: "ಎದಿ ತನ್ನ ಕಾಳಜಿ ತಾನ ಮಾಡ್ಕೋತೈತ್ರಿ, ಮುಚ್ಚಾಕ ಎರಡು ಕೈ ಅದಾವು. ಬೆನ್ನಿಗೆ ಯಾರದಾರ?"

ಕಾಡಿನ ಗಡಿಯನ್ನು ಅಳೆದು ನಕಾಶೆ ಬರೆಯುವ ಮೋಜಣಿ ತಂಡಕ್ಕೆ ನಾನು ಕಾರಕೂನನಾಗಿ ಸೇರಿದ್ದು ೧೯೨೨ನೆಯ ಇಸವಿಯಲ್ಲಿ. ಮಳೆಗಾಲವೆಲ್ಲ ಬೆಳಗಾವಿಯ ಕಚೇರಿಯಲ್ಲಿ ಕಾಗದದ ವಾಸನೆ. ದೀಪಾವಳಿ ಕಳೆದೊಡನೆ ಡೇರೆಗಳನ್ನು ರೈಲಿಗೇರಿಸಿ ಲೋಂಡಾಕ್ಕೆ ಹೋಗುವುದು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ಕಾಡು ಹೊಗುವುದು, ಹೋಳಿಯ ಹೊತ್ತಿಗೆ ಮೈಯಲ್ಲಿ ಅರ್ಧ ರಕ್ತ ಉಳಿಸಿಕೊಂಡು ಮರಳುವುದು. ಡೇರೆ ಹೊಡೆಯುವ, ಕೀಳುವ, ಒಣಗಿಸುವ, ಹೊಲಿಯುವ ಖಲಾಸಿ ಕರೆಪ್ಪ. ಕುರುಬರವನು, ಐವತ್ತರ ಆಸುಪಾಸು. ಗಿಡ್ಡ ಆಳು, ಅಗಲ ಬೆನ್ನು, ಭಾರ ಹೊತ್ತು ಹೊತ್ತು ಚಪ್ಪಟೆಯಾದ ಪಾದಗಳು. ನಡೆಯುವಾಗ ಪ್ರತಿ ಹೆಜ್ಜೆಯನ್ನೂ ನೆಲದ ಅನುಮತಿ ಕೇಳಿಯೇ ಊರುತ್ತಿದ್ದನೋ ಎನ್ನುವಷ್ಟು ನಿಧಾನ. ಮೈಮೇಲೆ ಮಹಾಯುದ್ಧ ಮುಗಿದ ವರ್ಷ ಬೆಳಗಾವಿಯ ಕ್ಯಾಂಪಿನ ಬಜಾರದಲ್ಲಿ ಕೊಂಡ ಸಿಪಾಯಿಯ ಖಾಕಿ ಕೋಟು; ಯಾವನೋ ಆರಡಿ ಆಳಿಗೆ ಹೊಲಿದದ್ದಾದ್ದರಿಂದ ಅವನ ಕಾಲಿನ ಹರಡನ್ನು ಮುಟ್ಟಿ, ಕಾಡಿನ ಹುಲ್ಲಿನ ಬೀಜಗಳನ್ನೆಲ್ಲ ಅಂಚಿಗೆ ಅಂಟಿಸಿಕೊಂಡು ಬರುತ್ತಿತ್ತು. ಹರಿದ ಬಲತೋಳನ್ನು ಅವನ ಹೆಂಡತಿ ಸಾವಂತ್ರವ್ವ ಕರಿಯ ಉಣ್ಣೆಯಿಂದ ಹೊಲಿದಿದ್ದಳು.

ಚಳಿಯೆಂದು ಯಾರಾದರೂ ಗೊಣಗಿದರೆ ಅವನ ಬಾಯಿಂದ ಬರುತ್ತಿದ್ದ ಪ್ರಶ್ನೆ ಒಂದೇ: "ಕೆಳಗ ಏನೈತ್ರಿ?" ಹೊದಿಕೆಯ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಮ್ಯಾಲ ಹತ್ತು ಹೊಚ್ಚಿಕೊಳ್ರಿ, ಕೆಳಗ ಬರೇ ನೆಲ ಇದ್ರ ಭೂಮಿ ಸುಮ್ಮ ಕುಂದರೂದಿಲ್ಲ, ಹೀರತೈತಿ." ಊರಿನ ರೈತರಿಂದ ಭತ್ತದ ಹುಲ್ಲು ತರಿಸಿ ಗೇಣೆತ್ತರಕ್ಕೆ ಹಾಸಿ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಕೋಟು, ಹಗಲು ಮೈಮೇಲಿದ್ದ ಕೋಟು ಮಲಗುವಾಗ ಮೈಯ ಕೆಳಗೆ. ಮೇಲೆ ಹೊದೆಯಲು ಒಂದೇ ಕರಿ ಕಂಬಳಿ, ಆದರೆ ಒತ್ತಾಗಿ ನೇಯ್ದು ಹುಣಸೆ ಬೀಜದ ಗಂಜಿ ಕುಡಿಸಿದ್ದು. ಮಂಜಿನ ಹನಿ ಅದರ ಮೇಲೆ ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಉರುಳಿ ಹೋಗುತ್ತಿತ್ತು. ಹೊತ್ತು ಮುಳುಗುವಾಗ ಡೇರೆಯಿಂದ ಡೇರೆಗೆ ಹೋಗಿ ಅಂಗಿಯ ಕೊರಳಪಟ್ಟಿ ಮುಟ್ಟಿ ನೋಡುವನು. ಹಗಲಿನ ಬೆವರಿನ ಅಂಗಿಯಲ್ಲೇ ಯಾರಾದರೂ ಮಲಗಹೊರಟರೆ ಬಾಗಿಲಲ್ಲೇ ನಿಂತುಬಿಡುವನು, ಬದಲಿಸುವವರೆಗೆ. ನಮ್ಮ ಇಂಗ್ಲಿಷ್ ಸಾಹೇಬನೂ ಗೊಣಗುತ್ತಲೇ ಬದಲಿಸುತ್ತಿದ್ದ. ರುಮಾಲಿನಿಂದ ಕಿವಿ ಕಟ್ಟಿಕೊಳ್ಳುವುದು, ಬೆಂಕಿಯಲ್ಲಿ ಕಾಯಿಸಿದ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಳ್ಳುವುದು, ಇವೆಲ್ಲ ಅವನ ಪ್ರಕಾರ ಬಡವರ ವೈದ್ಯ.

ಪಟ್ಟಣದ ಹುಡುಗನಾದ ನನಗೆ ಇದಾವುದರಲ್ಲಿಯೂ ನಂಬಿಕೆ ಹುಟ್ಟಿರಲಿಲ್ಲ. ಖಡೇಬಜಾರದಲ್ಲಿ ಕೊಂಡ, ಇದ್ದಲಿ ಉರಿಸುವ ತಗಡಿನ ಶೇಗಡಿಯೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಡೇರೆಯೊಳಗೆ ಇದ್ದಲಿ ಉರಿಸಬಾರದೆಂದು ಕರೆಪ್ಪ ಮೊದಲ ದಿನವೇ ಹೇಳಿದ್ದನಾದರೂ, ಜಾಂಬೋಟಿಯ ಹತ್ತಿರ ಹಳ್ಳದ ದಂಡೆಯಲ್ಲಿ ಡೇರೆ ಬಿದ್ದ ಮೂರನೆಯ ವಾರ ಹಲ್ಲು ಕಟಕಟಿಸುವುದು ತಡೆಯಲಾರದೆ ಯಾರಿಗೂ ಕಾಣದಂತೆ ಕೆಂಡ ತುಂಬಿಕೊಂಡು ಬಂದೆ, ಬಾಗಿಲಿನ ಹಗ್ಗಗಳನ್ನು ಬಿಗಿದೆ, ಸುಖವಾಗಿ ಮಲಗಿದೆ. ಎಚ್ಚರವಾದಾಗ ಬೆಳಕು ಹರಿದಿತ್ತು. ನನ್ನ ಮುಖ ಇಬ್ಬನಿಯ ಹುಲ್ಲಿನಲ್ಲಿ ಹುದುಗಿತ್ತು. ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬರುತ್ತಿತ್ತು. ತಲೆಯೊಳಗೆ ಯಾರೋ ಗೂಟ ಬಡಿಯುತ್ತಿದ್ದರು. ಬೆಳಗಿನ ಹೊತ್ತು ಎಲ್ಲ ಡೇರೆಗಳಿಂದ ಕೆಮ್ಮು ಕೇಳಿದರೂ ನನ್ನ ಡೇರೆಯಿಂದ ಕೇಳಲಿಲ್ಲವೆಂದು ಕರೆಪ್ಪ ಹಗ್ಗ ಕೊಯ್ದು ಒಳಹೊಕ್ಕು ಕಾಲು ಹಿಡಿದು ಎಳೆದು ತಂದಿದ್ದನಂತೆ. ಬೈಯಲಿಲ್ಲ. ಶೇಗಡಿಯನ್ನು ಹಳ್ಳಕ್ಕೆ ಸುರುವಿ ಬಂದು, ಬೆನ್ನು ತಿಕ್ಕುತ್ತ, ದಣಿದ ದನಿಯಲ್ಲಿ ಹೇಳಿದ: "ಚಳಿ ಮನಶ್ಯಾಗ ಹೇಳಿ ಕೊಲ್ಲತೈತ್ರಿ, ಸಾಹೇಬ್ರ. ಇದ್ದಲಿ ಹೇಳೂದಿಲ್ಲ." ಅಂದು ಸಂಜೆ ನನ್ನ ಹಾಸಿಗೆಯನ್ನು ತಾನೇ ಹಾಸಿದ. ಆ ಚಳಿಗಾಲದ ಉಳಿದ ದಿನಗಳಲ್ಲಿ ನಾನು ನಡುಗಲಿಲ್ಲ.

ಜೀವ ಉಳಿಸಿದವನಿಗೆ ಕಾರಕೂನನೊಬ್ಬ ಏನು ಕೊಡಬಲ್ಲ? ಒಂದು ವಾಕ್ಯ ಕೊಟ್ಟೆ. ಕ್ಯಾಂಪಿನ ವಾರ್ಷಿಕ ವರದಿಯ ಕರಡು ಬರೆಯುವಾಗ, ಈ ಖಲಾಸಿಯಿಲ್ಲದೆ ಚಳಿಗಾಲದ ಮೋಜಣಿ ನಡೆಯುವುದು ಅಸಾಧ್ಯವೆಂದು, ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಬರೆದೆ. ಸಾಹೇಬ ಅದರ ಕೆಳಗೆ ಕೆಂಪು ಗೆರೆ ಎಳೆದ. ನಾನು ಹಿಗ್ಗಿದೆ.

ಆ ವರ್ಷದ ಮಳೆಗಾಲದಲ್ಲಿ ಕರೆಪ್ಪ ಕಚೇರಿಯಲ್ಲಿ ನನ್ನ ಮೇಜಿನ ಬಾಜು ಬಂದು ನಿಂತ. ಕಾಗದಪತ್ರ ಇಡುವ ದಫ್ತರಖಾನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ಸಿಪಾಯಿಯ ಜಾಗ ಖಾಲಿಯಾಗಿತ್ತು. ಅದಕ್ಕೆ ತನ್ನ ಪರವಾಗಿ ಅರ್ಜಿ ಬರೆದುಕೊಡಬೇಕು. ಯಾಕೆಂದು ಕೇಳಿದ್ದಕ್ಕೆ ಬಾಯಿಂದ ಹೇಳದೆ ಅನಗೋಳದ ತನ್ನ ಮನೆಗೆ ಕರೆದೊಯ್ದ. ಒಂದೇ ಖೋಲಿ. ಗೋಡೆಗೆ ಒರಗಿ ಸಾವಂತ್ರವ್ವ ಕುಳಿತಿದ್ದಳು. ಅವಳಿಗೆ ದಮ್ಮು. ಉಸಿರು ಕಮ್ಮಾರನ ತಿದಿಯಂತೆ ಸದ್ದು ಮಾಡುತ್ತಿತ್ತು. ಚಳಿಗಾಲದಲ್ಲಿ ಅವಳು ಮಲಗಲಾರಳು, ಕುಳಿತೇ ಇರುಳು ಕಳೆಯಬೇಕು.

"ಬರ್ರಿ, ಕುಂದರ್ರಿ," ಎಂದಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ಹದಿನಾಕು ವರ್ಷ ಆತ್ರಿ. ಮಂದೀನೆಲ್ಲ ಬೆಚ್ಚಗ ಮಲಗಿಸಿ ಬರ್ತಾರ. ನಾ ಇಲ್ಲಿ ಹಿಂಗ ಕುಂತಿರ್ತೇನಿ."

ದೂರು ಹೇಳುವ ಶಕ್ತಿಯೂ ಆ ದನಿಯಲ್ಲಿರಲಿಲ್ಲ. ಕರೆಪ್ಪ ಬಾಗಿಲ ಕಡೆಗೆ ನೋಡುತ್ತ ನಿಂತಿದ್ದ.

ಅರ್ಜಿ ಬರೆದೆ. ಎರಡು ವಾರಕ್ಕೆ ಉತ್ತರ ಬಂತು. ಅರ್ಜಿ ನಾಮಂಜೂರು, ಕಾರಣವೆಂದು ಉದ್ಧರಿಸಿದ್ದು ನನ್ನದೇ ವಾಕ್ಯ. ಈ ಖಲಾಸಿಯಿಲ್ಲದೆ ಚಳಿಗಾಲದ ಮೋಜಣಿ ಅಸಾಧ್ಯ. ಓದಿ ಹೇಳಿದೆ.

"ಇದನ್ನ ಮೊದಲ ಬರದಾವರು ಯಾರ್ರಿ?"

"ನಾನ, ಕರೆಪ್ಪ."

ಅವನು ಬಹಳ ಹೊತ್ತು ಕೋಟಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ನಿಂತ. "ಖರೇನ ಬರದೀರಿ ಬಿಡ್ರಿ," ಎಂದ. ಮತ್ತೆ ಹಿತ್ತಿಲಿಗೆ ಹೋಗಿ ಡೇರೆ ಹೊಲಿಯುತ್ತ ಕುಳಿತ. ಅವನು ನನ್ನನ್ನು ಬೈದಿದ್ದರೆ ಆ ದಿನ ನನಗೆ ಊಟ ಸೇರುತ್ತಿತ್ತು.

ಮುಂದಿನ ಚಳಿಗಾಲವೂ ಅವನು ಬಂದ, ಅದರ ಮುಂದಿನದಕ್ಕೂ ಬಂದ. ಕೆಲಸದಲ್ಲಿ ಎಳ್ಳಷ್ಟು ಲೋಪವಿಲ್ಲ. ಹುಲ್ಲು ಅದೇ ಗೇಣು, ಕಲ್ಲು ಅದೇ ಬಿಸಿ. ಆದರೆ ಮಾತು ಇಂಗಿಹೋಗಿತ್ತು. ಹಾಸಿಗೆಗಳನ್ನೆಲ್ಲ ಹಾಸಿ ಮುಗಿದ ಮೇಲೆ ತನ್ನದನ್ನು ಹಾಸುವ ಮೊದಲು ಸುಮ್ಮನೆ ನಿಂತುಬಿಡುವನು. ಅನಗೋಳದ ಆ ಗೋಡೆ ಅವನ ಕಣ್ಣ ಮುಂದಿದೆಯೆಂದು ನನಗೊಬ್ಬನಿಗೆ ಗೊತ್ತಿತ್ತು. ೧೯೨೫ರ ಮಾಘದಲ್ಲಿ, ಕಣಕುಂಬಿಯ ಹತ್ತಿರ ಇದ್ದಾಗ, ದಫ್ತರಖಾನೆಯ ಸ್ಟೂಲು ಮತ್ತೆ ಖಾಲಿಯಾಗಿದೆಯೆಂದು ಟಪಾಲಿನಲ್ಲಿ ತಿಳಿಯಿತು. ಹೊಗಳಿಕೆಯಿಂದ ಆದ ಕಟ್ಟನ್ನು ತೆಗಳಿಕೆಯಿಂದಲೇ ಬಿಡಿಸಬೇಕೆಂದು ನಿಶ್ಚಯಿಸಿ ನಾನು ಹೊಸ ವರದಿ ಬರೆದೆ: ಖಲಾಸಿಗೆ ವಯಸ್ಸಾಗಿದೆ, ಮರೆವು ಬಂದಿದೆ, ಈ ವರ್ಷ ಡೇರೆಗಳು ಸೋರಿ ಜನರು ತೊಯ್ದ ಕಂಬಳಿಯಲ್ಲಿ ಮಲಗಬೇಕಾಯಿತು. ಕಳಿಸುವ ಮೊದಲು ಅವನನ್ನು ಕರೆದು ಕನ್ನಡದಲ್ಲಿ ಹೇಳಿದೆ.

"ಮುದುಕ ಅಂತ ಬರೀರಿ. ಮರುವು ಬಂದೈತಿ ಅನ್ರಿ. ಆ ಕಡೀ ಮಾತು ತಗೀರಿ."

"ಅದ ಮುಖ್ಯ ಐತಿ, ಕರೆಪ್ಪ. ಅದಿಲ್ಲಂದ್ರ ಸಾಹೇಬ ಬಿಡೂದಿಲ್ಲ."

"ನನ್ನ ಕೈಯಾಗ ಯಾರೂ ತೊಯ್ದ ಕಂಬಳ್ಯಾಗ ಮಲಗಿಲ್ರಿ," ಎಂದ. ಅವನ ದನಿ ಏರಿದ್ದನ್ನು ಕೇಳಿದ್ದು ಅದೊಂದೇ ಸಲ. "ನನ್ನ ತಮ್ಮ ಮಲಗಿದ್ದ. ಕುರಿ ಹಟ್ಟ್ಯಾಗ, ಸಣ್ಣಾವಿದ್ದಾಗ. ಅಡ್ಡಮಳಿ ಬಂದಿತ್ತು. ನಾ ಬಾಜುಕ ಇದ್ದೆ. ಬೆಳಿಗ್ಗೆ ಎಬ್ಬಿಸಿದ್ರ ಏಳಲಿಲ್ಲ. ಅದನ್ನೊಂದು ನನ್ನ ಹೆಸರಿಗೆ ಬರೀಬ್ಯಾಡ್ರಿ."

ನಾನು ಲೇಖನಿ ಕೆಳಗಿಟ್ಟೆ. ಕೊನೆಗೆ ಅವನೇ ಹೇಳಿದ: "ಸಂಜೀ ಮುಂದ ಕಣ್ಣು ಕಾಣೂದಿಲ್ಲ ಅಂತ ಬರೀರಿ. ಹಗಲ ಕಾಣತೈತಿ, ಕತ್ತಲಾದ್ರ ಇಲ್ಲ. ಸ್ಟೂಲಿನ ಮ್ಯಾಲ ಕುಂದರಾಕ ಹಗಲ ಸಾಕಲ್ರಿ."

ಕತ್ತಲಲ್ಲಿ ಮೂಸಿ ನೋಡಿಯೇ ಹಸಿ ಸೌದೆ ಯಾವುದು ಒಣ ಸೌದೆ ಯಾವುದು ಎಂದು ಆರಿಸುತ್ತಿದ್ದವನು ಇರುಳುಗುರುಡನಾದ. ಸಾಹೇಬ ದಡ್ಡನಲ್ಲ, ವರದಿ ಓದಿದ ಮರುದಿನ ಹೊತ್ತು ಮುಳುಗಿ ಇನ್ನೂ ಮಬ್ಬು ಬೆಳಕಿರುವಾಗ, ತನ್ನ ಮಡಿಸುವ ಕುರ್ಚಿಯನ್ನು ಡೇರೆಯ ದಾರಿಗೆ ಅಡ್ಡ ಇಡಿಸಿ ಕರೆಪ್ಪನನ್ನು ಕೂಗಿದ. ನಾವೆಲ್ಲ ನಿಂತು ನೋಡುತ್ತಿದ್ದೆವು. ಕುರ್ಚಿ ನನಗೇ ಸ್ಪಷ್ಟವಾಗಿ ಕಾಣುತ್ತಿತ್ತು. ಕರೆಪ್ಪ ಬಂದ, ಅವನ ನಡಿಗೆಯ ನಿಧಾನ ಅಂದು ಇರಲಿಲ್ಲ, ನೇರ ಬಂದು ಕುರ್ಚಿಗೆ ಎಡವಿ, ಅದರ ಕಬ್ಬಿಣದ ಸಲಾಕೆಯ ಮೇಲೆ ಮೊಣಕಾಲೂರಿ ಬಿದ್ದ. ಏಳಲು ಇಬ್ಬರು ಕೈ ಕೊಡಬೇಕಾಯಿತು. ಸಾಹೇಬ ನನ್ನ ಕಡೆ ತಿರುಗಿ, ಮುಂದಿನ ವರ್ಷಕ್ಕೆ ಬೇರೆ ಆಳು ನೋಡಿ ಎಂದ.

ಗಾಯ ಕಟ್ಟುವಾಗ ಕೇಳಿದೆ: "ಇಷ್ಟು ಜೋರಾಗಿ ಯಾಕ ಬಿದ್ದಿ?"

"ಕಾಲಿಗೂ ಕಣ್ಣು ಇರ್ತಾವ್ರಿ. ಅವು ನಿಂತಬಿಡ್ತಿದ್ದುವು. ನಾನ ದೂಡಿದೆ."

ಆ ಮೊಣಕಾಲನ್ನು ಮತ್ತೆ ಪೂರ್ತಿ ಮಡಿಸಲಾಗಲಿಲ್ಲ.

ಹೀಗೆ ಅವನು ಸ್ಟೂಲು ಪಡೆದ. ಬರೆದ ಸುಳ್ಳನ್ನು ಬಾಳಬೇಕಾದದ್ದು ಬರೆದವನಲ್ಲ, ಅವನು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಕಚೇರಿಯಲ್ಲಿ ಕಂದೀಲು ಹಚ್ಚುವ ಹೊತ್ತಿಗೆ ಯಾರಾದರೂ ಅವನ ಕೈ ಹಿಡಿದು ಕಂಪೌಂಡಿನ ಗೇಟು ದಾಟಿಸಬೇಕಿತ್ತು. ಆ ವರ್ಷದಿಂದ ಸಾಹೇಬ ನನ್ನನ್ನು ಕಚೇರಿಯಲ್ಲೇ ಉಳಿಸಿಕೊಂಡಿದ್ದರಿಂದ ಬಹಳ ಸಲ ಅದು ನನ್ನ ಕೈಯೇ. ಗುಮಾಸ್ತರು ಅಯ್ಯೋ ಪಾಪ ಎನ್ನುವರು. ಅವನು ಗೋಡೆ ತಡವುತ್ತ ನಡೆಯುವನು. ರಸ್ತೆಯ ತಿರುವು ದಾಟಿದ ಮೇಲೆ ನನ್ನ ಕೈ ಬಿಟ್ಟು, ಕುಂಟುತ್ತ, ಅನಗೋಳದ ದಾರಿಯನ್ನು ಅವಸರದಿಂದ ಹಿಡಿಯುವನು. ಅವನ ಜಾಗಕ್ಕೆ ಬಂದ ಸತ್ಯಪ್ಪನೆಂಬ ಹೊಸ ಖಲಾಸಿಯನ್ನು ಎರಡು ತಿಂಗಳು ಆದಿತ್ಯವಾರಗಳಂದು ಮನೆಗೆ ಕರೆಸಿ, ಹುಲ್ಲು ಹಾಸುವುದರಿಂದ ಕೊರಳಪಟ್ಟಿ ಮುಟ್ಟುವವರೆಗೆ ಎಲ್ಲವನ್ನೂ ಕಲಿಸಿದನೆಂದು ನನಗೆ ಆಮೇಲೆ ತಿಳಿಯಿತು. ಕಾಡಿನಲ್ಲಿ ಯಾರೂ ತೊಯ್ದು ಮಲಗಲಿಲ್ಲ.

ಮನೆಯಲ್ಲಿ ಸಾವಂತ್ರವ್ವನಿಗೆ ಹುಲ್ಲನ್ನು ಬೆನ್ನಿನ ಕಡೆ ಎತ್ತರ, ಕಾಲಿನ ಕಡೆ ಇಳಿಜಾರು ಮಾಡಿ ಹಾಸಿದ. ಮೇಲೆ ಆ ಕೋಟು, ಅದರ ಮೇಲೆ ಕೌದಿ. ಬಾಗಿಲ ಸಂದಿಗೆ ಕಂಬಳಿ. ಹೊಗೆ ಅವಳಿಗೆ ಆಗದೆಂದು ಒಲೆಯನ್ನು ಹೊರಗಿನ ಕಟ್ಟೆಗೆ ಒಯ್ದ; ಕಾಯಿಸಿದ ಕಲ್ಲುಗಳು ಮಾತ್ರ ಒಳಗೆ. ಮೂರು ಚಳಿಗಾಲ ಅವಳು ಒರಗಿ ನಿದ್ದೆ ಮಾಡಿದಳು. "ಇವರು ಮಂದಿಗೆಲ್ಲ ಮಾಡಿದ್ದು ಏನಂತ ಈಗ ತಿಳೀತ್ರಿ," ಎಂದು ನನ್ನೆದುರು ಒಮ್ಮೆ ನಕ್ಕಳು. ೧೯೨೮ರ ಆಷಾಢದಲ್ಲಿ, ಚಳಿಯಿಂದಲ್ಲ, ಮಳೆಗಾಲದ ಜ್ವರದಿಂದ ತೀರಿಕೊಂಡಳು.

ಆ ವರ್ಷ ದೀಪಾವಳಿ ಕಳೆದು ಡೇರೆಗಳನ್ನು ಗಾಡಿಗೆ ಹೇರುತ್ತಿದ್ದರು. ಕರೆಪ್ಪ ಸ್ಟೂಲಿನ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ಕುಳಿತಿದ್ದ. ಒಂಟಿ ಮನುಷ್ಯ, ಖಾಲಿ ಖೋಲಿ, ಇವನಿಗೆ ಇನ್ನು ಕಾಡೇ ಗತಿ ಎಂದು ನಾನು ಬಗೆದೆ. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕಣ್ಣು ಸುಧಾರಿಸ್ಯಾವಂತ ಬರೀತೇನಿ, ಕರೆಪ್ಪ. ಬೇಕಂದ್ರ ಇವತ್ತ ಗಾಡಿ ಹತ್ತು. ಕಾಡು ನಿನಗ ನೆನಪಾಗತಿರಬೇಕು."

ಅವನು ನನ್ನನ್ನು ನೋಡಿದ. ಸಣ್ಣ ಹುಡುಗನ ತಪ್ಪು ಲೆಕ್ಕವನ್ನು ನೋಡುವ ಮಾಸ್ತರನಂತೆ, ಕೋಪವಿಲ್ಲದೆ ನೋಡಿದ.

"ಕಾಡು ನನಗ ಎಂದ ಸೇರಿತ್ರಿ? ಚಳಿ ಅಂದ್ರ ನನಗ ಅಂಜಿಕಿ. ತಮ್ಮ ಹೋದಾಗಿಂದ ಅಂಜಿಕಿ. ಅಂಜಿ ಅಂಜಿ ಕಲ್ತೆ. ನೀವೆಲ್ಲ ಶಾಣ್ಯಾ ಅಂದ್ರಿ." ಮೊಣಕಾಲು ತಿಕ್ಕುತ್ತ, "ಸಾಕಾಗೇತ್ರಿ. ಕುಂದರಾಕ ಬಿಡ್ರಿ," ಎಂದ.

ಗಾಡಿಗಳು ಹೊರಟವು. ಕರೆಪ್ಪ ತಿರುಗಿ ನೋಡಲಿಲ್ಲ. ಮುಂದೆ ಪಿಂಚಣಿಯಾಗುವವರೆಗೆ ಅಲ್ಲೇ ಕುಳಿತಿದ್ದು, ಸಂಜೆಯ ಹೊತ್ತು ಯಾರಾದರೂ ಕೈ ಕೊಟ್ಟರೆ ಹಿಡಿದುಕೊಂಡು ಹೋದ.

ಕೆಲಸವೊಂದನ್ನು ಅಂದವಾಗಿ ಮಾಡುವವನಿಗೆ ಆ ಕೆಲಸದ ಮೇಲೆ ಪ್ರೀತಿಯೂ ಇದ್ದೇ ಇರುತ್ತದೆಂದು ನಂಬಿಕೊಳ್ಳುವುದು, ಅವನ ದುಡಿಮೆಯ ನೆರಳಿನಲ್ಲಿ ಬೆಚ್ಚಗೆ ಮಲಗುವವರಿಗೆ ಬಹಳ ಅನುಕೂಲ. ಲೋಕದಲ್ಲಿ ಕುಶಲರೆನಿಸಿದ ಎಷ್ಟೋ ಮಂದಿ ಭಯದಿಂದ ಕಲಿತವರು. ಒಮ್ಮೆ ಕಳೆದುಕೊಂಡದ್ದನ್ನು ಮತ್ತೊಬ್ಬರು ಕಳೆದುಕೊಳ್ಳಬಾರದೆಂದು ಕೈ ಪಳಗಿಸಿಕೊಂಡವರು. ಎಂದೋ ಒಂದು ದಿನ ಇದನ್ನು ಕೆಳಗಿಡಬಹುದು ಎಂದು ಕಾಯುತ್ತಲೇ ಮುದುಕರಾದವರು. ಅವರು ದಣಿದಿದ್ದಾರೆಯೇ ಎಂದು ನಾವು ಕೇಳುವುದಿಲ್ಲ. ಹೊಗಳುತ್ತೇವೆ; ಹೊಗಳುವುದು, ಬಿಡುಗಡೆ ಕೊಡುವುದಕ್ಕಿಂತ ಸುಲಭ.